ಮಾನಿಟರ್ ಕಾದ್ರ ಕೂಸ ಯಾಕ ಬಯ್ತೀರಿ?

ಶಿವರಾತ್ರಿಗ ಚಳಿ 'ಶಿವಶಿವಾ' ಅಂತ ಹೊರಟೋಯ್ತದ ಅಂತಾರಲ್ಲ ದೊಡ್ಡೋರು, ಅದು ಹೋದ ಎಂಟು ದಿನಕ್ಕ ನಮ್ ಬೀದಿ ಮನೆಗಳಲ್ಲಿ ಒಂದು ಮಾತು ಸುರುವಾಯ್ತದ. "ಆರ್ಸಮ್ಮಿ ಅದ್ನ, ಕಾದು ಕೆಂಡ ಆಗೋಗದ." ಮಾದಪ್ಪನ ಬೆಟ್ಟದ ಜಾತ್ರೆ ಮುಗಿಸ್ಕಂಡು ಬರೋರು ಇನ್ನೂ ನಮ್ ಕಾಮಗೆರೆ ದಾಟಿ ಕೊಳ್ಳೇಗಾಲದ ಕಡೀಗ ಹೋಯ್ತಾನೆ ಇರ್ತಾರ, ಅಷ್ಟರಲ್ಲೇ ಈ ಮಾತು ಬಂದ್ಬುಡ್ತದ. ಕಾದಿರದು ಒಲೆ ಅಲ್ಲ, ಇಸ್ತ್ರಿ ಪೆಟ್ಟಿಗೇನೂ ಅಲ್ಲ. ಕಂಪ್ಯೂಟರ್ ಮಾನಿಟರು. ಬಯ್ಸ್ಕಳದು ಮನೆ ಸೊಸೆ, ಇಲ್ಲಾಂದ್ರ ಮದುವೆ ಆಗ್ಬೇಕಾಗಿರೊ ಮಗಳು.

ಈ ಮಾತು ಕೇಳಿ ಕೇಳಿ ನನಗ ತಲೆ ಕೆಟ್ಟೋಗದ. ಮಾನಿಟರ್ ಕಾಯದು ಸುಳ್ಳಲ್ಲ, ಬ್ಯಾಸಗೇಲಿ ಕಾಯ್ತದ. ಆದ್ರ ಕಾಯ್ಸಿದೋರು ಯಾರು ಅನ್ನದ್ರಲ್ಲಿ ನಮ್ ಮನೆಗಳು ತಪ್ಪು ಲೆಕ್ಕ ಹಾಕ್ತಾವ. "ಯಾವಾಗ್ಲೂ ಅದ್ರ ಮುಂದೇನೆ ಕೂತಿದ್ರ ಕಾಯ್ದೆ ಇನ್ನೇನಾದದು" ಅಂತ ಕೂಸ ಬಯ್ತಾರ. ಬಯ್ದು ಸುಮ್ನಾಗಲ್ಲ, ಒಂದು ಕಾನೂನೂ ಮಾಡ್ತಾರ: ಮದ್ಯಾನ ಹನ್ನೆರಡರಿಂದ ನಾಕು ಗಂಟೆ ಗಂಟ ಕಂಪ್ಯೂಟರ್ ಮುಟ್ಟಂಗಿಲ್ಲ. ಈ ಕಾನೂನಿನ ಮ್ಯಾಲ ನನ್ನ ತಕರಾರು. ಅಕ್ಕದೀರು, ಅತ್ತಿಗೇರು, ದೊಡ್ಡವ್ವಂದೀರು, ಅತ್ತೇದೀರು ಎಲ್ಲಾರೂ ಓದಿ. ಕನ್ನಡಕ ಸಿಕ್ದೆ ಇದ್ರ ಸೊಸೆ ಕೈಲಿ ಓದ್ಸಿ. ಅವಳು ಜೋರಾಗೇ ಓದ್ತಾಳ.

ಆ ನಾಕು ಗಂಟೆ ಅಂದ್ರ ಏನು ಅಂತ ಮೊದಲು ನೋಡನ. ನಮ್ ಕಡೆ ಹೆಣ್ಮಗಳ ದಿನ ಹೆಂಗ ಓಡ್ತದ ಅಂತ ನಿಮ್ಗ ನಾನು ಯೋಳ್ಬೇಕಾ? ಹೊತ್ತಾರ ಐದಕ್ಕ ಎದ್ದು, ಬಾಗಲಿಗ ನೀರಾಕಿ, ನಲ್ಲಿ ಬಂದ್ರ ನೀರು ಹಿಡ್ದು, ಹಸ ಇದ್ರ ಹಾಲು ಕರ್ದು ಡೈರಿಗ ಕಳ್ಸಿ, ಹುಳ ಇದ್ರ ಸೊಪ್ಪಾಕಿ, ಮಕ್ಕಳ ಡಬ್ಬಿ ಕಟ್ಟಿ, ಬಟ್ಟೆ ಒಗ್ದು ಕೈ ಒರಸ್ಕಳೊ ಹೊತ್ಗ ಹನ್ನೊಂದೂವರೆ. ನಾಕೂವರೆಗ ಮಕ್ಕಳು ಬತ್ತಾವ. ಆಮೇಲ ಟೀ, ದೀಪ, ಇಟ್ಟು, ಸಾರು, ಪಾತ್ರೆ. ನಡುವ ಊಟ ಬಡ್ಸಿ ಎತ್ತಕ ಅರ್ಧ ಗಂಟೆ ಕಳೆದ್ರ, ಉಳಿಯದು ಮದ್ಯಾನದ ನಾಕೂವರೆ ಗಂಟೆ. ಇಡೀ ದಿನದಲ್ಲಿ ಅವಳದು ಅಂತ ಇರದು ಅಷ್ಟೇ. ಅದ್ನೇ ಕಿತ್ಕಂಡ್ರ "ಕಂಪ್ಯೂಟರ್ ಆರ್ಸು" ಅಂದಂಗಲ್ಲ, "ನೀನು ಕೆಲಸ ಬುಡು" ಅಂದಂಗ.

ಕೆಲಸ ಅಂತ ಬೇಕಂತಲೇ ಬರ್ದಿದ್ದೀನಿ. ಈ ಮಾನಿಟರ್‌ಗಳು ನಮ್ ಬೀದಿಗ ಹೆಚ್ಚಾಗಿ ಬಂದದ್ದು 2020ರಲ್ಲಿ, ಸ್ಕೂಲು ಮುಚ್ಚಿ ಪಾಠ ಎಲ್ಲ ಪರದೆ ಮ್ಯಾಲ ಬಂದಾಗ. ಯಾರ್ಯಾರೋ ಮೈಸೂರಿಂದ, ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಹುಡುಕಿ ತಂದ್ರು. ಸ್ಕೂಲು ತೆಗೆದ ಮ್ಯಾಲ ಮಕ್ಕಳು ಅದ್ನ ಬುಟ್ಟೋದ್ರು, ಹೆಣ್ಮಕ್ಕಳು ಹಿಡ್ಕಂಡ್ರು. ಕೊಳ್ಳೇಗಾಲದಲ್ಲಿ ಬಿ.ಕಾಂ ಮಾಡಿ ನಮ್ ಬೀದಿಗ ಸೊಸೆಯಾಗಿ ಬಂದೋಳೊಬ್ಬಳು ಬೆಂಗಳೂರಿನ ಅಂಗಡಿಯೊಂದರ ಬಿಲ್ಲು ಬರೀತಾಳ. ಇನ್ನೊಬ್ಬಳು ಪಿಡಿಒ ಪರೀಕ್ಷೆಗ ಓದ್ತಾ ಅವಳ. ನಾನೂವ ನುಡಿ ತಂತ್ರಾಂಶದಲ್ಲಿ ಪುಟಕ್ಕಿಷ್ಟು ಅಂತ ಟೈಪ್ ಮಾಡ್ತೀನಿ. ಮದುವೆ ಕಾಲದಲ್ಲಿ ಲಗ್ನಪತ್ರಿಕೆ, ಮಿಕ್ಕ ಕಾಲದಲ್ಲಿ ಅರ್ಜಿ, ಕರಾರುಪತ್ರ. ಬರೊ ದುಡ್ಡು ದೊಡ್ಡದಲ್ಲ. ಆದ್ರ ಗ್ಯಾಸು ಮುಗುದಾಗ, ಕೂಸಿಗ ಜ್ವರ ಬಂದಾಗ ಯಾರ ಮುಂದೂ ಕೈ ಚಾಚ್ದೆ ಸೆರಗಿನ ಗಂಟು ಬಿಚ್ಚದು ಹೆಂಗಿರ್ತದ ಅಂತ ಕೋಳಿ ಸಾಕಿದೋರ್ಗ, ಚೀಟಿ ಹಾಕಿದೋರ್ಗ ಚೆನ್ನಾಗಿ ಗೊತ್ತು.

ಈಗ ನಡುಮನೇಲಿ ಇರೊ ಟಿವಿ ಕಡೀಗ ವಸಿ ತಿರುಗಿ. ಅದೂ ಇದೂ ಒಂದೇ ಹೊಟ್ಟೇಲಿ ಹುಟ್ಟಿದ್ವು. ಎರಡಕ್ಕೂ ಮುಂದ ಒಂದು ತೆಳು ಪರದೆ, ಅದ್ರ ಹಿಂದ ಎಲ್‌ಇಡಿ ದೀಪ, ಬೆನ್ನ ಕಡೆ ಕರೆಂಟ್ ಇಳಿಸೊ ಬೋರ್ಡು. 20 ಇಂಚಿನ ಎಲ್‌ಇಡಿ ಮಾನಿಟರು ಸುಮಾರು 20 ವ್ಯಾಟ್ ಕರೆಂಟ್ ತಗತದ. 43 ಇಂಚಿನ ಟಿವಿ ಅದ್ರ ಮೂರು ನಾಕರಷ್ಟು ತಗತದ. ತಗಂಡ ಕರೆಂಟೆಲ್ಲ ಕೊನೆಗ ಬಿಸಿಯಾಗೇ ಹೊರಗ ಬರಬೇಕು, ಬ್ಯಾರೆ ದಾರಿ ಇಲ್ಲ. ಅಂದ್ರ ಮನೇಲಿ ಹೆಚ್ಚು ಬಿಸಿ ಉಗುಳದು ಯಾವುದು? ಅದ್ನ ಯಾರಾದ್ರೂ ಮದ್ಯಾನ ಆರ್ಸಿದ್ದಾರಾ? ಐಪಿಎಲ್ ಬರದೂ ಸರಿಯಾಗಿ ಬ್ಯಾಸಗೇಲೇ. ಭಾನ್ವಾರ ಮೂರೂವರೆಗ ಒಂದು ಮ್ಯಾಚು, ಅದು ಮುಗಿಯದ್ರೊಳಗ ಏಳೂವರೆಗ ಇನ್ನೊಂದು. 2025ರ ಜೂನ್ 3ನೇ ತಾರೀಕು ಆರ್‌ಸಿಬಿ ಕಪ್ ಗೆದ್ದ ರಾತ್ರಿ ನಮ್ ಬೀದಿ ಟಿವಿಗಳು ಎಷ್ಟೊತ್ತಿಗ ಮಲಗಿದ್ವೊ ದೇವ್ರಿಗೇ ಗೊತ್ತು. ನಾನೂ ಕೂಗಾಡ್ದೆ, ಇಲ್ಲ ಅನ್ನಲ್ಲ. ಆದ್ರ "ಟಿವಿ ಕಾದೋಯ್ತು, ಆರ್ಸ್ರಪ್ಪ" ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಚಿಕ್ಕ ಮಾನಿಟರ್ ಕಾದು ದೊಡ್ಡ ಟಿವಿ ಯಾಕ ಕಾಯಲ್ಲ ಅಂತ ಕೇಳಿ ನೋಡಿ, ಉತ್ತರ ನಿಮ್ ಮನೆ ಸೂರಿನಲ್ಲೇ ಅದ. ಟಿವಿ ಇರದು ಹೆಂಚಿನ ಕೆಳಗ, ಎತ್ತರದ ನಡುಮನೇಲಿ, ಫ್ಯಾನಿನ ತಾವ. ಕಂಪ್ಯೂಟರ್ ಇರದು ಹಿಂದ ಆಮೇಲ ಇಳಿಸಿದ ಶೀಟಿನ ಕೋಣೇಲಿ, ಈರುಳ್ಳಿ ಚೀಲ, ಹಳೇ ಮಂಚ, ರಾಗಿ ಮೂಟೆ ಜೊತ್ಗ. "ಅಲ್ಲಾದ್ರ ಯಾರ್ಗೂ ಅಡ್ಡ ಇಲ್ಲ" ಅಂತ ಅಲ್ಲಿಗ ತಳ್ಳಿದ್ರು. ಪಡುವಲ ಕಡೆ ಕಿಟಕಿ, ಎರಡು ಗಂಟೆ ಮ್ಯಾಲ ಬಿಸಲು ನೇರವಾಗಿ ಮೇಜಿನ ಮ್ಯಾಲ. ಮಾನಿಟರ್ ಜೊತೆ ಬರೊ ಪುಸ್ತಕ ತೆಗೆದು ನೋಡಿ: ಕೋಣೆ ಗಾಳಿ ಎಷ್ಟು ಡಿಗ್ರಿ ಒಳಗ ಇರ್ಬೇಕು ಅಂತ ಬರ್ದಿರ್ತದ. ಹೆಚ್ಚಿನವುದ್ರಲ್ಲಿ 40 ಅಂತ, ಕೆಲವುದ್ರಲ್ಲಿ 35 ಅಂತ ಇರ್ತದ. 2024ರ ಏಪ್ರಿಲ್ 28ರಂದು ತಂಪಿನ ಊರು ಅನ್ನಿಸ್ಕಂಡ ಬೆಂಗಳೂರೇ 38.5 ಡಿಗ್ರಿ ಮುಟ್ಟಿತ್ತು. ನಾವು ಅದ್ಕಿಂತ ತಗ್ಗಿನೋರು. ಹೊರಗೇ ಅಷ್ಟಿದ್ರ, ಕಾದ ಶೀಟಿನ ಕೆಳಗ ಗಾಳಿ ಆಡ್ದಿರೊ ಕೋಣೇಲಿ ಎಷ್ಟಿರ್ಬೇಕು? ಸ್ವಿಚ್ ಹಾಕದ್ಕಿಂತ ಮುಂಚೇನೆ ಮಾನಿಟರ್ ಕಾದಿರ್ತದ. ನಂಬಿಕೆ ಇಲ್ದಿದ್ರ ಯಾರೂ ಕಂಪ್ಯೂಟರ್ ಹಾಕ್ದಿರೊ ದಿನ ಮದ್ಯಾನ ಮೂರಕ್ಕ ಹೋಗಿ ಅದ್ರ ಬೆನ್ನು ಮುಟ್ಟಿ ನೋಡಿ. ಆಗ ಯಾರ ಬಯ್ತೀರಿ?

ಇನ್ನೊಂದು ಮಾತು. ಮಾನಿಟರ್ ಕಾದದ್ದು ಮನೆಯೋರ್ಗೆಲ್ಲ ಕಾಣ್ತದ. ಅದ್ರ ಮುಂದ ಕೂತೋಳು ಕಾದದ್ದು?

ನಮ್ಮದು ರೇಷ್ಮೆ ಸೀಮೆ. ಕೊಳ್ಳೇಗಾಲದ ಸೀರೆ ಅಂದ್ರ ಊರೂರ್ಗೂ ಗೊತ್ತು. ಹುಳ ಮೇಯ್ಸಿದ ಹೆಂಗಸ್ರಿಗ ಸೆಕೆ ಲೆಕ್ಕ ಹೊಸದಾಗಿ ಯಾರೂ ಕಲಿಸ್ಬೇಕಾಗಿಲ್ಲ. ಹುಳಿನ ಮನೆ 24ರಿಂದ 28 ಡಿಗ್ರಿ ಒಳಗ ಇರ್ಬೇಕು. ನಾಕನೇ ಜ್ವರ ಎದ್ದ ಮ್ಯಾಲ ಒಂದು ವಾರ ಹುಳ ಹೆಂಗ ಮೇಯ್ತದ ಅಂತ ನೋಡಿದ್ದೀರಿ. ಜೀವಮಾನದಲ್ಲಿ ತಿನ್ನೊ ಸೊಪ್ಪಿನಲ್ಲಿ ನೂರಕ್ಕ 80ರ ಮ್ಯಾಲ ಆಗ್ಲೇ ತಿಂತದ, ಮಳೆ ಬಂದಂಗ ಸದ್ದು. ಆಗ ಸೆಕೆ ಹೊಡುದ್ರ ಬೆಳೆ ಹೋದಂಗೇ. ಹಂಗಂತ "ಮೇದದ್ದು ಹೆಚ್ಚಾಯ್ತು, ಅದ್ಕ ಹುಳ ಕಾದ್ವು, ಮದ್ಯಾನ ಸೊಪ್ಪಾಕಬ್ಯಾಡಿ" ಅಂತ ಯಾವ ಅತ್ತೆ ಅಂದಿದ್ದಾಳ? ಇಲ್ಲ. ಕಿಟಕಿಗ ಒದ್ದೆ ಗೋಣಿಚೀಲ ಕಟ್ತೀವಿ, ಶೀಟಿನ ಮ್ಯಾಲ ತೆಂಗಿನ ಗರಿ ಹೊದಿಸ್ತೀವಿ, ತಟ್ಟೆ ನಡುವ ಗಾಳಿ ಆಡಂಗ ಬುಡ್ತೀವಿ, ಹುಳ ಹೆಚ್ಚಾದ್ರ ನಾವು ಜಗುಲೀಲಿ ಮಲಿಕ್ಕಂಡು ಒಳಗಿನ ತಂಪಾದ ಜಾಗ ಅವಕ್ಕ ಕೊಡ್ತೀವಿ. ಹುಳಿಂದ ದುಡ್ಡು ಬತ್ತದ, ಅದ್ಕ ಅದ್ಕೊಂದು ಜಾಗ. ಸೊಸೆ ಮೇಜಿಂದಲೂ ದುಡ್ಡು ಬತ್ತದಲ್ಲ?

ಆದ್ರ ಹುಳಿನ ಬುದ್ಧಿನೆಲ್ಲ ಹಂಗೇ ತಗಂಡೋಗಿ ಮಾನಿಟರ್ ಮ್ಯಾಲ ಹಾಕಬ್ಯಾಡಿ. ಹುಳಕ್ಕ ತೇವ ಬೇಕು, ಮಾನಿಟರ್‌ಗ ತೇವ ಇಸ. ನಮ್ ಬೀದೀಲೇ ನೋಡಿದ್ದೀನಿ, ಒದ್ದೆ ಟವಲು ಹಿಂಡಿ ಮಾನಿಟರ್ ತಲೆ ಮ್ಯಾಲ ಹೊದಿಸಿದ್ರು, ಜ್ವರ ಬಂದ ಕೂಸಿಗ ಹಾಕ್ದಂಗ. ಬಿಸಿಗಾಳಿ ಹೊರಗ ಹೋಗೊ ಸೀಳುಗಳು ಇರದೇ ಅಲ್ಲಿ. ಟವಲು ಅವುನ್ನ ಮುಚ್ತದ, ಮುಚ್ಚಿದ್ದು ಸಾಲ್ದು ಅಂತ ಒಳಗಿನ ಬೋರ್ಡ್ ಮ್ಯಾಲ ನೀರೂ ತೊಟ್ಟಿಕ್ಕುಸ್ತದ. ಫ್ರಿಜ್ಜಿನ ಐಸ್ ಪ್ಯಾಕು ಇಡದೂ ಹಂಗೇ; ಬಿಸಿ ವಸ್ತುಗ ತಣ್ಣಂದು ತಾಗುದ್ರ ಒಳಗ ಬೆವರು ಕಟ್ತದ. ನೀರು ತುಂಬಿಸೊ ಕೂಲರ್ನ ನೇರವಾಗಿ ಅದ್ರ ಮೊಕಕ್ಕ ತಿರುಗಿಸ್ಬ್ಯಾಡಿ. ಇನ್ನು ಆ ಕ್ರೋಶಾ ಹೆಣ್ದ ಕವರು! ನಿಮ್ ಕೈಕೆಲಸ ಚೆಂದ ಅದ, ನಾನು ಒಪ್ತೀನಿ. ರಾತ್ರಿ ಆರ್ಸಿ, ಅದು ತಣ್ಣಗಾದ ಮ್ಯಾಲ ಧೂಳಿಗ ಅಂತ ಹಾಕಿ. ಓಡೊ ಹೊತ್ನಲ್ಲಿ ತಲೆ ಮ್ಯಾಲ ಮುಸುಕು ಹಾಕುದ್ರ ಯಾರ್ಗೇ ಆಗ್ಲಿ ಸೆಕೆ ಆಗ್ದೆ ಇರ್ತದಾ?

ಮಾಡ್ಬೇಕಾದ್ದು ಇಷ್ಟೇ. ಗೋಡೆಗ ಅಂಟ್ಸಿ ಇಡದು ಬುಟ್ಟು ಹಿಂದ ಒಂದು ಗೇಣಿನಷ್ಟು ಜಾಗ ಕೊಡಿ. ಶೋಕೇಸಿನ ಗೂಡಿನೊಳಗ ಇಟ್ಟಿದ್ರ ಈಚೆಗ ತೆಗೀರಿ. ಪರದೆ ಬೆಳಕು ಅಂಗಡೀಲಿ ಕೊಟ್ಟಾಗ ಹೆಚ್ಚಾಗಿ ಜೋರಾಗೇ ಇರ್ತದ, ಕೆಳಗಿನ ಗುಂಡಿ ಒತ್ತಿ ಅದ್ನ ಅರ್ಧಕ್ಕ ಇಳಿಸಿ. ಮಾನಿಟರ್‌ನ ಬಿಸೀಲಿ ದೊಡ್ಡ ಪಾಲು ಆ ದೀಪದ್ದೇ, ಕಣ್ಣಿಗೂ ಹಿತ. ಬಿಸಲು ಬೀಳೊ ಕಿಟಕಿಗ ಹಳೇ ಸೀರೆ ಕಟ್ಟಿ. ಟೇಬಲ್ ಫ್ಯಾನಿದ್ರ ಕೂತೋಳ್ಗೂ ಮಾನಿಟರ್‌ಗೂ ಇಬ್ರಿಗೂ ತಾಗಂಗ ಓರೆಯಾಗಿ ಇಡಿ. ಕೆಲವು ಮಾನಿಟರ್‌ಗ ಕರೆಂಟ್ ಇಳಿಸೊ ಕರಿ ಡಬ್ಬಿ ವಯರಿನ ನಡುವ ಹೊರಗೇ ಇರ್ತದ. ಅದು ಹಾಸಿಗೆ ಮ್ಯಾಲ, ಬಟ್ಟೆ ಗಂಟಿನ ಕೆಳಗ ಇರಬಾರ್ದು. ತಿಂಗಳಿಗೊಂದ್ಸಲ ಆರ್ಸಿ, ಪ್ಲಗ್ ಕಿತ್ತು, ಒಣ ಬ್ರಷ್ಷಿನಲ್ಲಿ ಸೀಳುಗಳ ಧೂಳು ತೆಗೀರಿ. ಹಿಂದಿನ ಮುಚ್ಚಳ ಮಾತ್ರ ಬಿಚ್ಚಬ್ಯಾಡಿ, ಪ್ಲಗ್ ಕಿತ್ತ ಮ್ಯಾಲೂ ಒಳಗ ವಸಿ ಹೊತ್ತು ಕರೆಂಟ್ ಉಳ್ಕಂಡಿರ್ತದ. ಶೀಟಿನ ಮ್ಯಾಲ ಬ್ಯಾಸಗೆ ಮುಂಚೆ ಎರಡು ಸಲ ಸುಣ್ಣ ಹೊಡುದ್ರ ಕೋಣೆಯ ಕಾವು ಇಳಿಯದು ನಿಮ್ಗೇ ಗೊತ್ತಾಯ್ತದ.

ಕಾದದ್ದು ಎಷ್ಟಾದ್ರ ಹೆದರ್ಬೇಕು ಅಂತ ಕೇಳ್ತೀರಿ. ಬೆನ್ನಿನ ಮ್ಯಾಲ ಅಂಗೈ ಇಟ್ಟು ಹತ್ತು ಎಣಿಸಕಾದ್ರ ಅದು ಬೆಚ್ಚಗದ ಅಷ್ಟೇ, ಓಡ್ಲಿ ಬುಡಿ. ಎಣಿಸಕಾಗ್ದೆ ಕೈ ಎಳ್ಕಂಡ್ರ ಆರ್ಸಿ. ಸುಟ್ಟ ವಾಸನೆ ಬಂದ್ರ, ಚಿತ್ರ ನಡುಗುದ್ರ, ತಾನೇ ಆರಿ ತಣ್ಣಗಾದ ಮ್ಯಾಲ ತಾನೇ ಬಂದ್ರ ರಿಪೇರಿಗ ಕೊಡಿ. ಪರದೆ ಕಪ್ಪಾಗಿ "ನೋ ಸಿಗ್ನಲ್" ಅಂತ ತೋರ್ಸುದ್ರ ಅದು ಮಾನಿಟರಿನ ಕಾಯಿಲೆ ಅಲ್ಲ, ಹೆಚ್ಚಾಗಿ ಕೆಳಗಿನ ಸಿಪಿಯು ಡಬ್ಬಿ ಕಾದು ನಿಂತಿರ್ತದ, ಇಲ್ಲ ವಯರ್ ಸಡ್ಲ ಆಗಿರ್ತದ. ಡಬ್ಬಿಯೊಳಗಿನ ಫ್ಯಾನಿಗ ಧೂಳು ಹೆಪ್ಪುಗಟ್ಟಿದ್ರ ಮಾನಿಟರ್‌ಗ ಎಷ್ಟು ಗಾಳಿ ಹಾಕಿ ಏನು ಬಂತು? ಸ್ವಿಚ್ ಬೋರ್ಡ್ ತಾವ ಪ್ಲಗ್ ಕಂದು ಬಣ್ಣಕ್ಕ ತಿರುಗಿದ್ರ ಅದು ಎಲ್ಲಾದಕ್ಕಿಂತ ಮೊದಲ ಕೆಲಸ, ಮನೆಗ ಬೆಂಕಿ ಬೀಳದು ಅಲ್ಲಿಂದ.

"ಸಿಡಿದೋಯ್ತದ" ಅನ್ನೊ ಹೆದರಿಕೆ ಹಳೇ ಡಬ್ಬ ಟಿವಿ ಕಾಲದ್ದು. ಅದ್ರಲ್ಲಿ ಗಾಳಿ ಹೀರಿ ತೆಗೆದ ದಪ್ಪ ಗಾಜಿನ ಕೊಳವೆ ಇತ್ತು, ಆ ಮಾನಿಟರ್ 70ರಿಂದ 100 ವ್ಯಾಟ್ ಕುಡೀತಿತ್ತು, ಬೆನ್ನ ಮ್ಯಾಲ ಬೆಕ್ಕು ಮಲಗ್ತಿತ್ತು. ಈಗಿನ ತೆಳು ಮಾನಿಟರಿನಲ್ಲಿ ಆ ಕೊಳವೇನೇ ಇಲ್ಲ.

ಕಾವಿಂದ ನಿಜವಾಗಿ ಕೆಡದು ಒಳಗಿನ ಬೋರ್ಡಿನ ಕೆಪಾಸಿಟರು, ಸಣ್ಣ ಡಬ್ಬಿ ಥರ ಇರ್ತದಲ್ಲ ಅದು. ಒಳಗಿನ ರಸ ಆರ್ತಾ ಆರ್ತಾ ತಲೆ ಊದ್ಕಂಡು ಸಾಯ್ತದ. ಈ ಕಸುಬಿನೋರು ಒಂದು ಮೋಟು ಲೆಕ್ಕ ಯೋಳ್ತಾರ, ಹತ್ತು ಡಿಗ್ರಿ ಕಾವು ಏರುದ್ರ ಅದ್ರ ಆಯಸ್ಸು ಅರ್ಧ, ಹತ್ತು ಇಳುದ್ರ ಎರಡರಷ್ಟು. ಈಗ ನೀವೇ ತೂಗಿ. ದಿನಾ ನಾಕು ಗಂಟೆ ಆರ್ಸಿ ಮಾನಿಟರ್ ಉಳಿಸ್ತೀನಿ ಅನ್ನೋರು, ಅದ್ನ ಶೀಟಿನ ಕೋಣೆಯಿಂದ ಹೆಂಚಿನ ಕೆಳಗ ಹತ್ತು ಹೆಜ್ಜೆ ಸರಿಸುದ್ರ ಅದ್ಕಿಂತ ಹೆಚ್ಚು ಉಳೀತದ. ಕೂಸಿನ ಕೆಲಸವೂ ಉಳೀತದ.

ಇಷ್ಟು ಯೋಳುದ್ರೂ ನಮ್ ಹೆಣ್ಮಕ್ಕಳ ಮಾತಿಗ ಮನೇಲಿ ತೂಕ ಇರಲ್ಲ. ಹೋದ ವರ್ಷ ಬೀದಿ ಸೊಸೆಯೊಬ್ಬಳ ಮಾನಿಟರ್ ನಿಂತೋಯ್ತು. ತಗಂಡೋದ ಅಂಗಡಿಯಾತ ಬಿಚ್ಚೂ ನೋಡ್ದೆ "ದಿನಾ ಮದ್ಯಾನ ಓಡ್ಸುದ್ರ ಹಿಂಗೇ ಆಗದು, ಬೋರ್ಡ್ ಹೋಗದ, ಹೊಸದು ತಗಳಿ" ಅಂದ. ಅವನ ಬಾಯಿಂದ ಬಂದದ್ದು ಮನೇಲಿ ವೇದ ಆಗೋಯ್ತು. ಆ ಕೂಸಿಗ ಮೂರು ವಾರ ಕೆಲಸ ಇಲ್ಲ. ಆಮೇಲ ಬ್ಯಾರೆ ಊರಿನ ಇನ್ನೊಬ್ಬ ಮೆಕ್ಯಾನಿಕ್ಕು ಎರಡು ಕೆಪಾಸಿಟರ್ ಬದಲಾಯಿಸಿ ಮುನ್ನೂರೈವತ್ತು ರೂಪಾಯಿ ತಗಂಡು ಕೊಟ್ಟ. ಈಗಲೂ ಓಡ್ತಾ ಅದ. ಆದ್ರ ಮದ್ಯಾನದ ಕಾನೂನು ಮಾತ್ರ ಆ ಮನೇಲಿ ಇನ್ನೂ ಹಂಗೇ ಅದ, ಮೊದಲನೆಯವನ ಮಾತಿನ ಮ್ಯಾಲ.

ಕರೆಂಟ್ ಬಿಲ್ಲಿನ ನೆಪ ತೆಗೆಯೋರ್ಗ ಒಂದು ಲೆಕ್ಕ. ಮಾನಿಟರ್ ದಿನಕ್ಕ ನಾಕು ಗಂಟೆ ಓಡುದ್ರ ತಿಂಗಳಿಗ ಎರಡೂವರೆ ಯೂನಿಟ್ ದಾಟಲ್ಲ. ಸಿಪಿಯು ಸೇರ್ಸಿ ಹದಿನೈದು ಅಂತ ಇಟ್ಕಳಿ. 2023ರ ಜುಲೈಯಿಂದ ಗೃಹಜ್ಯೋತಿ ಬಂದ ಮ್ಯಾಲ ಬಿಲ್ಲು ಸೊನ್ನೆ ಬತ್ತಾ ಇರೊ ಮನೆಗಳಲ್ಲೂ ಈ ಹದಿನೈದರ ಮ್ಯಾಲೇ ಎಲ್ಲಾರ ಕಣ್ಣು. ಟಿವಿ, ಮಿಕ್ಸಿ, ನೀರಿನ ಮೋಟ್ರು ಯಾರೂ ಎಣಿಸಲ್ಲ.

"ನಡುಮನೇಲಿ ಮೇಜು ಹಾಕುದ್ರ ಬಂದೋರು ಏನಂದ್ಕಳಲ್ಲ" ಅಂತೀರಿ. ಬಂದೋರು ಕಾಫಿ ಕುಡ್ದು ಹೋಯ್ತಾರ. ವರ್ಷಕ್ಕ ಎಷ್ಟು ದಿನ ಬಂದಾರು? ಮಾವನೋರು ಮದ್ಯಾನ ಅಲ್ಲೇ ಮಲಗ್ತಾರ ಅನ್ನದಾದ್ರ, ಕೀಬೋರ್ಡಿನ ಟಕಟಕ ಸದ್ದು ಧಾರಾವಾಹಿ ಕಿರುಚಾಟಕ್ಕಿಂತ ಮೆತ್ತಗೇ ಇರ್ತದ. ಜಾಗ ಸಾಲಲ್ಲ ಅಂದ್ರ ಟಿವಿನ ಮಾರ್ಚಿಂದ ಮೇ ಗಂಟ ಶೀಟಿನ ಕೋಣೆಗ ಹಾಕಿ. ಬೇಕಾದೋರು ಅಲ್ಲೇ ಕೂತು ಮ್ಯಾಚು ನೋಡ್ಲಿ. ಎರಡೇ ಭಾನ್ವಾರಕ್ಕ ಶೀಟಿನ ಮ್ಯಾಲ ಗರಿ ಬೀಳ್ತದ, ಸುಣ್ಣ ಬೀಳ್ತದ, ಹೊಸ ಫ್ಯಾನೂ ಬತ್ತದ, ಬರ್ದಿಟ್ಕಳಿ.

ಮೇಜು ಎತ್ತಕ ಇಬ್ರು ಬೇಕು. ಮೊದಲು ವಯರ್ ಎಲ್ಲ ಕಿತ್ತು ಯಾವುದು ಎಲ್ಲಿತ್ತು ಅಂತ ಫೋನಿನಲ್ಲಿ ಫೋಟೊ ಹಿಡ್ಕಳಿ, ಮಾನಿಟರ್ನ ಪರದೆ ಒತ್ತಿ ಹಿಡೀದೆ ಕೆಳಗಿನ ಚೌಕಟ್ಟು ಹಿಡ್ದು ಎತ್ತಿ. ಗಂಡಸ್ರು ಮನೇಲಿಲ್ಲ ಅಂದ್ರ ಕಾಯಬ್ಯಾಡಿ. ನನಗೊಂದು ಫೋನ್ ಹಾಕಿ, ಒಂದು ತುದಿ ನಾನು ಹಿಡೀತೀನಿ.